ಬಾವಿಯಿಂದ ಎದ್ದು ಬಂದ ಕುಳ್ಳ

ಹಳೆಯ ಪುಸ್ತಕದ ವ್ಯಾಪಾರದಲ್ಲಿ ಒಂದು ಅನುಕೂಲವಿದೆ. ಸರಕು ಕೊಳೆಯುವುದಿಲ್ಲ, ಕೊಳ್ಳುವವನು ಮಾತ್ರ ಮುದುಕನಾಗುತ್ತಾನೆ. ಕತ್ತಿ ಬೀಸುವವರ, ಮಾಟ ಮಾಡುವವರ ಕಥೆಗಳಿದ್ದ ತೆಳು ಪುಸ್ತಕಗಳ ಒಂದು ಚೀಲ ನನ್ನ ಅಂಗಡಿಯ ಅಟ್ಟದ ಮೇಲೆ ಎಷ್ಟೋ ವರ್ಷದಿಂದ ಬಿದ್ದಿತ್ತು. ಒರಟು ಕಾಗದ, ರಕ್ತಕ್ಕಿಂತ ಕೆಂಪಾದ ಮುಖಪುಟ. ಗೆದ್ದಲು ಕೂಡ ಮೂಸಿ ನೋಡಿ ಮುಂದೆ ಹೋಗಿತ್ತು. ಈ ವರ್ಷ ಅವೇ ಕಥೆಗಳನ್ನು ಯಾರೋ ಟಿವಿ ಧಾರಾವಾಹಿ ಮಾಡಿದರು. ಎಣ್ಣೆ ಹಚ್ಚಿದ ಎದೆಯ ನಾಯಕ ವಾರವಾರ ಮನೆಮನೆಗೆ ಬರತೊಡಗಿದ ಮೇಲೆ, ‘ಇದರ ಮೂಲ ಪುಸ್ತಕ ಇದೆಯಾ?’ ಎಂದು ಕೇಳಿಕೊಂಡು ಬರುವವರು ಹೆಚ್ಚಾದರು. ನಾನು ಚೀಲ ಇಳಿಸಿ ಧೂಳು ಒರೆಸಿದೆ. ಪೂರ್ತಿ ಒರೆಸಲಿಲ್ಲ. ಸ್ವಲ್ಪ ಧೂಳಿದ್ದರೆ ಗಿರಾಕಿಗೆ ನಂಬಿಕೆ ಬರುತ್ತದೆ.

ಅಂಥ ಒಂದು ಮಧ್ಯಾಹ್ನ ಓದಣ್ಣ ಬಂದ.

ಅವನ ನಿಜವಾದ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಈಗ ಮಗಳ ಇಸ್ತ್ರಿ ಅಂಗಡಿಯಲ್ಲಿ ಕೂತು ಬಟ್ಟೆ ಮಡಿಸುತ್ತಾನೆ. ಅದಕ್ಕೆ ಮುಂಚೆ, ಬೀದಿಯ ಹಿಂದೆ ಕೊಡೆ ಕಾರ್ಖಾನೆ ಇದ್ದಷ್ಟು ಕಾಲ, ಅಲ್ಲಿ ಓದುವವನಾಗಿದ್ದ. ಕೊಡೆಯ ಕಡ್ಡಿಗಳಿಗೆ ಬಟ್ಟೆಯನ್ನು ಸೂಜಿದಾರದಿಂದ ಕೈಯಲ್ಲೇ ಹೊಲಿದು ಸೇರಿಸಬೇಕಿತ್ತು. ಸದ್ದಿಲ್ಲದ ಕೆಲಸ, ಕೈಗೆ ಬಿಡುವಿಲ್ಲ, ತಲೆಗೆ ಪೂರ್ತಿ ಬಿಡುವು. ಬಿಡುವಾದ ತಲೆ ಪಕ್ಕದವರ ಸಂಸಾರಕ್ಕೆ ಕೈಹಾಕುತ್ತದೆ. ಅದಕ್ಕೆ ಕೆಲಸದವರೇ ತಮ್ಮ ಸಂಬಳದಿಂದ ಒಂದಿಷ್ಟು ತೆಗೆದು ಒಬ್ಬ ಓದುವವನನ್ನು ಇಟ್ಟುಕೊಂಡಿದ್ದರು. ಸಾಲುಗಳ ನಡುವೆ ಎತ್ತರದ ಸ್ಟೂಲಿನ ಮೇಲೆ ಕೂತು ಬೆಳಿಗ್ಗೆ ಪತ್ರಿಕೆ, ಊಟವಾದ ಮೇಲೆ ಈ ಕತ್ತಿಕಥೆಗಳನ್ನು ಓದುವುದು ಅವನ ಕೆಲಸ. ‘ಅಚ್ಚಾದದ್ದಕ್ಕೆ ಒಂದಕ್ಷರ ಸೇರಿಸಿದವನಲ್ಲ, ಒಂದಕ್ಷರ ನುಂಗಿದವನಲ್ಲ’ ಎಂದು ಎದೆ ಮುಟ್ಟಿ ಹೇಳುತ್ತಿದ್ದ. ಮನೆ ಕಟ್ಟಲಿಲ್ಲ, ಜಾಗ ಕೊಳ್ಳಲಿಲ್ಲ. ಇದ್ದ ಆಸ್ತಿ ಈ ಮಾತೊಂದೇ.

ಬಂದವನು ಸ್ಟೂಲು ಎಳೆದುಕೊಂಡು ಉಸಿರು ಸುಧಾರಿಸಿಕೊಂಡ. ಗಂಟಲು ಹೋಗಿ ಈಗ ಮಾತು ಗೀರಿದಂತೆ ಬರುತ್ತದೆ.

“ಯಜಮಾನ್ರೆ, ಬಾವಿ ಕಥೆ ಇರೋ ಪುಸ್ತಕ ಇದೆಯಾ ನಿಮ್ಮ ಹತ್ರ?”

“ಇದೆ.”

“ಯಾರಾದ್ರೂ ಕೇಳಿದ್ರೆ ಇಲ್ಲ ಅಂದ್ಬಿಡಿ.”

“ಅಂಗಡಿ ಇಟ್ಕೊಂಡವನ ಬಾಯಲ್ಲಿ ಇಲ್ಲ ಅನ್ನಿಸ್ತೀರಲ್ಲ ಓದಣ್ಣ. ಇದ್ಯಾವ ನ್ಯಾಯ?”

“ಹಾಗಾದ್ರೆ ನಾನೇ ತಗೋತೀನಿ.”

“ಓದೋಕಾ?”

“ಒಲೆಗೆ ಹಾಕೋಕೆ.”

ನಾನು ಗಲ್ಲಾ ಬಿಟ್ಟು ಎದ್ದು ಬಂದು ಎದುರು ಕೂತೆ. ಪುಸ್ತಕವನ್ನು ಒಲೆಗೆ ಹಾಕಲು ಕೊಳ್ಳುವ ಗಿರಾಕಿ ನನಗೆ ಮೊದಲ ಬಾರಿ ಸಿಕ್ಕಿದ್ದ.

ಸಂಗತಿ ಇಷ್ಟು. ಕಾರ್ಖಾನೆ ಮುಚ್ಚಿ ಬಹಳ ಕಾಲವಾಗಿದ್ದರೂ ಕೊಡೆಯವರೆಲ್ಲ ಧಾರಾವಾಹಿ ನೋಡಲು ಇಸ್ತ್ರಿ ಅಂಗಡಿಗೇ ಬಂದು ಸೇರುತ್ತಾರೆ. ಕಳೆದ ವಾರ ನಾಯಕನ ಸಂಗಾತಿ ಕುಳ್ಳ, ಮಾಂತ್ರಿಕನ ಬಾವಿಗೆ ಬಿದ್ದು ಸತ್ತ. ಅಂಗಡಿಯಲ್ಲಿ ಗಲಾಟೆಯೋ ಗಲಾಟೆ. ಕೊಡೆಗೆ ಹಿಡಿ ಜೋಡಿಸುತ್ತಿದ್ದ ಹಿಡಿಯಕ್ಕ ಎದ್ದು ನಿಂತು ಕೂಗಿದಳಂತೆ: ‘ಸುಳ್ಳು! ಕುಳ್ಳ ಬಾವಿಯಿಂದ ಎದ್ದು ಬರ್ತಾನೆ. ನಮ್ಮ ಓದಣ್ಣ ಓದಿದ್ದನ್ನ ಕಿವಿಯಾರೆ ಕೇಳಿದೀನಿ. ಈ ಟಿವಿಯವ್ರಿಗೆ ಓದೋಕೆ ಬರಲ್ವಾ?’ ಭಾನುವಾರ ಮೂಲ ಪುಸ್ತಕ ತರಿಸಿ, ಓದಣ್ಣನ ಕೈಲೇ ಓದಿಸಿ, ಟಿವಿಯವರ ಮುಖಕ್ಕೆ ಮಸಿ ಬಳಿಯುವುದೆಂದು ಎಲ್ಲರೂ ಸೇರಿ ತೀರ್ಮಾನ ಮಾಡಿದ್ದರು.

“ಓದಿ ತೋರಿಸ್ಬಿಡಿ. ನಿಮಗೇ ಹೆಸರು ಬರುತ್ತೆ” ಎಂದೆ.

“ಏನಂತ ಓದ್ಲಿ? ಪುಸ್ತಕದಲ್ಲೂ ಕುಳ್ಳ ಸತ್ತೇ ಹೋಗಿದಾನೆ.”

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಸುಳ್ಳು ಓದು ಶುರುವಾದದ್ದು ಕಥೆಯೊಳಗಿನ ಯುದ್ಧದಿಂದ. ಕತ್ತಿಗೆ ಕತ್ತಿ ತಾಗುವ ಭಾಗ ಬಂದಾಗ ಸೂಜಿಗಳು ಚುರುಕಾಗುವುದನ್ನು ಕಾರ್ಖಾನೆಯ ಧಣಿ ಗಮನಿಸಿದ್ದ. ಅವನೂ ವ್ಯಾಪಾರಿ, ಕಣ್ಣಿದ್ದವನು. ಓದಣ್ಣನನ್ನು ಪಕ್ಕಕ್ಕೆ ಕರೆದು, ‘ಆರ್ಡರ್ ಜಾಸ್ತಿ ಇದ್ದ ದಿನ ಯುದ್ಧ ಸ್ವಲ್ಪ ಉದ್ದ ಮಾಡು’ ಎಂದು ಮೇಲಿಂದ ಒಂದಿಷ್ಟು ಕೈಗಿಟ್ಟ. ಪುಸ್ತಕದಲ್ಲಿ ಮೂರು ಸಾಲಿನಲ್ಲಿ ಮುಗಿಯುವ ಕಾಳಗ ಕಾರ್ಖಾನೆಯಲ್ಲಿ ಗಂಟೆ ಹೊಡೆಯುವ ತನಕ ನಡೆಯಿತು. ಪ್ರೀತಿ ಪ್ರೇಮ ಬಂದರೆ ಹೊಲಿಯುವವರು ಸೂಜಿಯನ್ನು ಗಾಳಿಯಲ್ಲೇ ಹಿಡಿದು ಕೂರುತ್ತಾರೆಂದು ಅದನ್ನು ಹಾರಿಸಿದ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಒಬ್ಬ ರಾಜಕುಮಾರಿಗೂ ಕಂಕಣಭಾಗ್ಯ ಕೂಡಿ ಬರಲಿಲ್ಲ.

“ಅದು ಕಾಸಿಗೆ ಮಾಡಿದ್ದು. ಕುಳ್ಳನದ್ದು ಹಾಗಲ್ಲ” ಎಂದ ಓದಣ್ಣ. ಹಿಡಿಯಕ್ಕನ ಗಂಡ ಕೆಲಸಕ್ಕೆಂದು ಸಮುದ್ರ ದಾಟಿ ಹೋದವನು ಸುದ್ದಿಯಿಲ್ಲದಾಗಿದ್ದ. ಕುಳ್ಳ ಬಾವಿಯಲ್ಲಿ ಸತ್ತದ್ದನ್ನು ಓದಿದ ದಿನ ಅವಳು ಹಿಡಿಯನ್ನು ಅಲ್ಲೇ ಕೆಳಗಿಟ್ಟು ಎದ್ದು ಹೋದಳು. ಕೆಲವು ದಿನ ಕೆಲಸಕ್ಕೇ ಬರಲಿಲ್ಲ. ಬಂದ ದಿನ ಇವನು ಸ್ಟೂಲು ಹತ್ತಿ, ಪುಸ್ತಕ ಬಿಡಿಸಿ, ಪುಸ್ತಕದಲ್ಲಿ ಇಲ್ಲದ್ದನ್ನು ಓದಿದ: ಕುಳ್ಳ ಬಾವಿಯ ಕಲ್ಲು ಹಿಡಿದು ಮೇಲೆ ಬಂದ, ಕೆಮ್ಮಿದ, ‘ಊಟಕ್ಕೇನಿದೆ?’ ಎಂದು ಕೇಳಿದ. ಕಾರ್ಖಾನೆಯೆಲ್ಲ ಚಪ್ಪಾಳೆ. ಹಿಡಿಯಕ್ಕ ತಲೆ ಎತ್ತಲಿಲ್ಲವಂತೆ, ಆದರೆ ಹಿಡಿ ಕೈಗೆತ್ತಿಕೊಂಡಳು.

“ಅವತ್ತಿಗೆ ಮುಗೀತು ಅಂದ್ಕೊಂಡೆ. ಎಲ್ಲಿ ಮುಗಿಯುತ್ತೆ ಯಜಮಾನ್ರೆ? ಅಚ್ಚಿನಲ್ಲಿ ಸತ್ತವನಿಗೆ ನಾನು ದಿನಾ ಊಟ ಹಾಕ್ಬೇಕಾಯ್ತು. ಮುಂದಿನ ಪುಸ್ತಕದಲ್ಲಿ ಒಂದು ಕುದುರೆ ಅಂತ ಇರುತ್ತೆ, ನಾನು ಎರಡು ಅನ್ಬೇಕು. ನಾಯಕ ಪೀಪಾಯಿ ಒಳಗೆ ಬಚ್ಚಿಟ್ಕೊಂಡ ಅಂತ ಇರುತ್ತೆ. ಕುಳ್ಳ ಎಲ್ಲಿಗೆ ಹೋಗ್ಬೇಕು? ಇನ್ನೊಂದು ಪೀಪಾಯಿ ತಂದೆ. ದೋಣೀಲಿ ಒಬ್ಬನಿಗೇ ಜಾಗ ಅಂತ ಬಂತು. ಹಗ್ಗ ಕಟ್ಟಿ ಕುಳ್ಳನ್ನ ಹಿಂದೆ ಈಜಿಸಿದೆ. ಸಾಕಾಗಿ ಒಂದ್ಸಲ ಜ್ವರ ಬಂತು ಅಂತ ಮಲಗಿಸಿದೆ. ಹಿಡಿಯಕ್ಕ ಬಿಡ್ತಾಳಾ? ‘ಜ್ವರ ಇಳೀತಾ? ಗಂಜಿ ಕುಡಿದ್ನಾ?’ ಅಂತ ದಿನಾ ಕೇಳೋಳು.”

“ಇನ್ನೊಂದ್ಸಲ ಸಾಯಿಸಿಬಿಡಬೇಕಿತ್ತು.”

“ಅವಳ ಗಂಡನ ಸುದ್ದಿ ಬರೋ ತನಕ ಅಂತ ಹೊತ್ಕೊಂಡೆ. ಸುದ್ದಿ ಬರ್ಲೇ ಇಲ್ಲ. ಕಾರ್ಖಾನೆ ಮುಚ್ಚೋ ತನಕ ಹೊತ್ತೆ. ನನ್ನ ಗಂಟಲು ಹೋಗಿದ್ದು ಓದಿ ಅಲ್ಲ, ಅವನನ್ನ ಹೊತ್ತು.”

ಕನಿಕರವಾಯಿತು. ಕನಿಕರದಿಂದ ಅಂಗಡಿಯ ಬಾಡಿಗೆ ಕಟ್ಟಲಾಗುವುದಿಲ್ಲವಾದರೂ ಆಗುವುದು ಆಗಿಬಿಡುತ್ತದೆ. ಆದರೂ ಇದ್ದದ್ದನ್ನು ಹೇಳಿದೆ. “ಓದಣ್ಣ, ಇದೊಂದು ಪ್ರತಿ ಸುಟ್ಟು ಏನು ಪ್ರಯೋಜನ? ಧಾರಾವಾಹಿ ಓಡ್ತಿದೆ ಅಂತ ಎಲ್ಲಾ ಕಥೆಗಳನ್ನೂ ಹೊಸದಾಗಿ ಅಚ್ಚು ಹಾಕಿಸ್ತಿದಾರೆ. ಮುಂದಿನ ತಿಂಗಳು ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತೆ. ಎಷ್ಟು ಅಂತ ಸುಡ್ತೀರಿ?”

ಅವನು ನಾನು ಪುಸ್ತಕ ತೂಗುವ ತಕ್ಕಡಿಯನ್ನು ಬೆರಳಿಂದ ಒತ್ತಿ ಬಿಟ್ಟ. “ಬೇರೆಯವ್ರ ಬಾಯಿಂದ ಕೇಳೋದಕ್ಕಿಂತ ನನ್ನ ಬಾಯಿಂದಲೇ ಕೇಳ್ಲಿ. ಭಾನುವಾರ ಪುಸ್ತಕ ನೀವೇ ತನ್ನಿ. ನನ್ನ ಕೈಲಿದ್ರೆ ಒಲೆ ಕಾಣುತ್ತೆ” ಎಂದು ಎದ್ದು ಹೋದ.

ಅವನು ಹೋದ ಮೇಲೆ ಬಾವಿ ಕಥೆಯನ್ನು ನಾನೇ ಓದಿದೆ. ಇಷ್ಟು ವರ್ಷ ಇವನ್ನು ತೂಕಕ್ಕೆ ಕೊಂಡು ಬಿಡಿಗೆ ಮಾರಿದವನು, ಬಿಡಿಸಿ ನೋಡಿರಲಿಲ್ಲ. ಟಿವಿಯಲ್ಲಿ ಆ ಬಾವಿಯ ಸುತ್ತ ಮಿಂಚು, ಗುಡುಗು, ಹಾರಾಡುವ ಅಸ್ಥಿಪಂಜರ ಎಲ್ಲ ಇತ್ತು. ಪುಸ್ತಕದಲ್ಲಿ ನಾಯಕನಿಗೆ ಹಲ್ಲುನೋವು. ಬೂಟು ಹರಿದಿದೆ, ಯಾರಿಗೋ ದುಡಿದು ಯಾರಿಗೋ ಬೈಸಿಕೊಂಡು ಬಂದಿದ್ದಾನೆ. ಮಾಂತ್ರಿಕನಿಗೆ ನಿದ್ದೆ ಬರುವುದಿಲ್ಲ, ಅದಕ್ಕೆ ಬೇರೆಯವರ ನಿದ್ದೆಯನ್ನು ಕದ್ದು ಬಾವಿಯಲ್ಲಿ ತುಂಬಿಟ್ಟಿದ್ದಾನೆ. ಒಂದು ಹಿಡಿ ನಿದ್ದೆ ತರಲು ಕುಳ್ಳ ಹಗ್ಗ ಹಿಡಿದು ಇಳಿಯುತ್ತಾನೆ. ನಾಯಕ ಕಾದು ಕಾದು ಹಗ್ಗ ಎಳೆದರೆ ಅದರ ತುದಿ ಒಣಗಿದೆ, ಕುಳ್ಳ ಇಲ್ಲ. ಬೆಳಗಾಗುವವರೆಗೆ ಬಾವಿಕಟ್ಟೆಯ ಮೇಲೆ ಕೂತಿದ್ದು, ಎದ್ದು ಹೋಗುತ್ತಾನೆ. ಅಷ್ಟೇ ಕಥೆ. ಬರೆದವನ ಹೆಸರಿದ್ದ ಹಾಳೆ ಹರಿದುಹೋಗಿತ್ತು. ಯಾರೋ ಚೆನ್ನಾಗಿ ದಣಿದವನೇ ಬರೆದಿರಬೇಕು. ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಮತ್ತೊಮ್ಮೆ ಓದಿದೆ. ಗಿರಾಕಿ ಬಂದು ತಿರುಗಿ ಹೋದದ್ದು ಆಮೇಲೆ ತಿಳಿಯಿತು.

ಭಾನುವಾರ ಇಸ್ತ್ರಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓದಣ್ಣನ ಮಗಳು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಮೇಜಿನ ಮೇಲೇ ನಾಲ್ಕು ಜನರನ್ನು ಕೂರಿಸಿದ್ದಳು. ಕೊಡೆ ಬಟ್ಟೆ ಕತ್ತರಿಸುತ್ತಿದ್ದ ಕತ್ತರಿ ಮಾವ ಮುಂದೆ ಕೂತಿದ್ದ, ಅವನ ಪಕ್ಕ ಹಿಡಿಯಕ್ಕ.

“ಜೋರಾಗಿ ಓದು ಓದಣ್ಣ, ಟಿವಿಯವ್ರಿಗೂ ಕೇಳಿಸ್ಲಿ” ಎಂದಳು ಅವಳು.

ಓದಣ್ಣ ಓದಿದ. ಮಧ್ಯದಲ್ಲಿ ಕಾವಲುಗಾರರ ಜೊತೆ ಕಾಳಗ ಬಂತು, ಮೂರು ಸಾಲಿನಲ್ಲಿ ಮುಗಿಯಿತು.

“ಏಯ್, ತಡಿ ತಡಿ” ಎಂದ ಕತ್ತರಿ ಮಾವ. “ಮೆಟ್ಟಿಲ ಮೇಲೆ ಹೊಡೆದಾಡಿದ್ದು? ಗೋಡೆ ಬಿದ್ದಿದ್ದು?”

“ಇಷ್ಟೇ ಇರೋದು ಮಾವ.”

“ಪುಟ ಹರಿದಿರ್ಬೇಕು.”

ಓದಣ್ಣ ಮುಂದೆ ಓದಿದ. ಹಗ್ಗದ ತುದಿ ಒಣಗಿತ್ತು. ನಾಯಕ ಎದ್ದು ಹೋದ. ಪುಸ್ತಕ ಮಡಿಲಿಗೆ ಬಂತು.

“ಆಮೇಲೆ?” ಎಂದಳು ಹಿಡಿಯಕ್ಕ.

“ಆಮೇಲೆ ಬೇರೆ ಕಥೆ.”

“ಅವನು ಮೇಲೆ ಬರೋದು?”

“ಬರಲ್ಲ ಅಕ್ಕ. ಪುಸ್ತಕದಲ್ಲಿ ಯಾವತ್ತೂ ಬಂದಿಲ್ಲ. ಟಿವಿಯವ್ರು ಸರಿಯಾಗೇ ತೋರಿಸಿದಾರೆ. ತಪ್ಪು ಓದಿದ್ದು ನಾನು.”

ಧಣಿ ಕೈಗಿಟ್ಟದ್ದನ್ನೂ ಮುಚ್ಚಿಡದೆ ಹೇಳಿದ. ಕತ್ತರಿ ಮಾವ, ಕತ್ತರಿ ಹಿಡಿದು ಹಿಡಿದು ಸೊಟ್ಟಗಾದ ಹೆಬ್ಬೆರಳನ್ನು ಅವನ ಮೂಗಿನ ಮುಂದೆ ಹಿಡಿದ. “ನೋಡು, ನಿನ್ನ ಯುದ್ಧ ಇಲ್ಲಿದೆ! ನಮ್ಮ ಸಂಬಳದಲ್ಲಿ ಕೂತ್ಕೊಂಡು ನಮ್ಮನ್ನೇ ಎತ್ತಿನ ಹಾಗೆ ಓಡಿಸಿದ್ಯಲ್ಲೋ. ನೀನು ಓದಣ್ಣ ಅಲ್ಲ, ಬುರುಡೆಯಣ್ಣ!”

ಕೆಲವರು ನಕ್ಕರು. ಮೇಜಿನ ಮೇಲಿದ್ದ ಇಬ್ಬರು ಇಳಿದು ಹೊರಗೆ ಹೋದರು. ಓದಣ್ಣ ತಲೆ ಬಗ್ಗಿಸಿಯೇ ಕೂತಿದ್ದ. ಮಗಳು ಏನೋ ಹೇಳಹೊರಟಳು, ಅವನು ಕೈಯೆತ್ತಿ ತಡೆದ.

ಹಿಡಿಯಕ್ಕ ನಗಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಸಂತೆಯಿಂದ ತಂದ ತರಕಾರಿಯನ್ನು ಒಂದೊಂದಾಗಿ ತಿರುಗಿಸಿ ನೋಡುವವಳ ಹಾಗೆ ಕೇಳಿದಳು.

“ಎರಡನೇ ಪೀಪಾಯಿ?”

“ನಂದು.”

“ದೋಣಿ ಹಿಂದೆ ಈಜಿದ್ದು?”

“ಅದೂ ನಂದು.”

“ಹಿಮದಲ್ಲಿ ನಡೀವಾಗ ಮನೆ ನೆನೆಸ್ಕೊಂಡು ಹಾಡಿದ್ನಲ್ಲ?”

“ನಂದೇ ಅಕ್ಕ.”

“ಯಾರಿಗೋಸ್ಕರ?”

ಓದಣ್ಣ ಪುಸ್ತಕದ ಕೆಂಪು ಮುಖಪುಟ ಸವರಿದ. ಅವಳಿಗೂ ಅದು ಗೊತ್ತಿಲ್ಲದ ವಿಷಯವಾಗಿರಲಿಲ್ಲ.

“ಅವನು ಬಾವಿಯಿಂದ ಎದ್ದು ಬಂದ ಅಂತ ನಾನು ಬಾಗಿಲಿಗೆ ಚಿಲಕ ಹಾಕ್ತಿರ್ಲಿಲ್ಲ, ಗೊತ್ತಾ?” ಎಂದಳು. ದನಿ ಏರಲಿಲ್ಲ. “ನನ್ನ ತಂಗಿ ಬೈಯೋಳು. ‘ಸುಮ್ನಿರೇ, ಬಾವಿಗೆ ಬಿದ್ದವನೇ ಬಂದಿದಾನೆ’ ಅನ್ನೋಳು ನಾನು. ಈಗ್ಲೂ ಹಾಕಲ್ಲ, ಅಭ್ಯಾಸ ಆಗಿಬಿಟ್ಟಿದೆ.”

ಬೈದಿದ್ದರೆ ಓದಣ್ಣ ತಡೆದುಕೊಳ್ಳುತ್ತಿದ್ದನೋ ಏನೋ. “ತಪ್ಪಾಯ್ತು” ಎಂದ.

“ತಪ್ಪೋ ಒಪ್ಪೋ ಆಮೇಲೆ ನೋಡೋಣ. ಕಾರ್ಖಾನೆ ಮುಚ್ಚಿದ ದಿನ ನೀನು ಕುಳ್ಳನ್ನ ಕೋಟೆ ಹೊರಗೆ ಕುದುರೆ ಹಿಡಿಸಿ ನಿಲ್ಲಿಸಿದ್ದೆ. ನಾಯಕ ಒಳಗೆ ಹೋದ, ಗಂಟೆ ಹೊಡೀತು, ನಾವೆಲ್ಲ ಮನೆಗೆ ಹೋದ್ವಿ. ಅವನು ಇನ್ನೂ ಅಲ್ಲೇ ನಿಂತಿದಾನೆ. ಯಾವ ಪುಸ್ತಕದಲ್ಲೂ ಅವನಿಲ್ಲ ಅಂದ್ಮೇಲೆ ನಾನು ಯಾರನ್ನ ಕೇಳ್ಲಿ? ನಿನ್ನನ್ನೇ ಕೇಳ್ಬೇಕು. ಮುಗಿಸು.”

“ಅಕ್ಕ...”

“ಮುಗಿಸು ಓದಣ್ಣ. ನನಗೂ ಸಾಕಾಗಿದೆ. ಯುದ್ಧ ಮಾತ್ರ ಬೇಡ.”

ಅವನು ಪುಸ್ತಕವನ್ನು ಮುಚ್ಚಿ ಮಂಡಿಯ ಮೇಲಿಟ್ಟುಕೊಂಡ. ಕತ್ತರಿ ಮಾವನೂ ಬೆರಳು ಮಡಿಸಿಕೊಂಡ.

“ಸಂಜೆಯಾಯ್ತು” ಎಂದು ಶುರು ಮಾಡಿದ ಓದಣ್ಣ. “ಕೋಟೆ ಬಾಗಿಲು ಹಾಕಿದ್ರು. ಕುಳ್ಳ ಕುದುರೆಗಳಿಗೆ ನೀರು ಕುಡಿಸಿದ. ಗೋಡೆಗೆ ಒರಗಿ ಕೂತ. ಕಾಲು ನೋಯ್ತಿತ್ತು. ಅವನ ಪಾಲಿಗಿದ್ದದ್ದಕ್ಕಿಂತ ಜಾಸ್ತಿ ನಡೆದಿದ್ದ, ಪಾಪ. ಯಾರೋ ಕರೆದ ಹಾಗಾಯ್ತು. ಏಳೋಣ ಅಂದ್ಕೊಂಡ, ಆಗ್ಲಿಲ್ಲ. ಹಾಗೇ ಕಣ್ಣು ಮುಚ್ಚಿದ.”

“ಹೋದ್ನಾ?”

“ಹೋದ.”

“ಪಕ್ಕದಲ್ಲಿ ಯಾರಾದ್ರೂ ಇದ್ರಾ?”

ಇಲ್ಲಿ ಓದಣ್ಣ ತಡೆದ. ಅವನ ಬಾಯಿ ತೆರೆದು ಮುಚ್ಚಿದ್ದನ್ನು ನಾನು ಕಂಡೆ. ಹಳೆಯ ಕಸುಬು ನಾಲಗೆಯ ತುದಿಗೆ ಬಂದು ನಿಂತಿತ್ತು. ಒಬ್ಬ ಮುದುಕಿಯನ್ನೋ, ಒಬ್ಬ ಕಾವಲುಗಾರನನ್ನೋ ಅಲ್ಲಿ ಕೂರಿಸುವುದು ಅವನಿಗೆ ಎಷ್ಟರ ಮಾತು?

“ಯಾರೂ ಇರ್ಲಿಲ್ಲ ಅಕ್ಕ” ಎಂದ. “ಕುದುರೆಗಳಿದ್ವು.”

ಹಿಡಿಯಕ್ಕ ಅದನ್ನು ತೂಗಿ ನೋಡಿದಳು.

“ಕುದುರೆಗಳಿದ್ವಲ್ಲ. ಸಾಕು.”

ಎದ್ದು ಸೆರಗು ಸರಿಮಾಡಿಕೊಂಡು ತನ್ನ ಬಟ್ಟೆಯ ಗಂಟನ್ನು ಕಂಕುಳಿಗೆ ಸೇರಿಸಿದಳು. “ನಿಮ್ಮಪ್ಪನಿಗೆ ಬಿಸಿನೀರು ಕೊಡೇ, ಗಂಟಲು ಪೂರ್ತಿ ಹೋಗಿದೆ” ಎಂದು ಮಗಳಿಗೆ ಹೇಳಿ ಬೀದಿಗಿಳಿದಳು. ಹಿಂತಿರುಗಿ ನೋಡಲಿಲ್ಲ. ಎಂದಿನಂತೆಯೇ ನಡೆದು ಹೋದಳು, ಬೇಗವೂ ಅಲ್ಲ, ನಿಧಾನವೂ ಅಲ್ಲ.

ಕತ್ತರಿ ಮಾವ ಗಂಟಲು ಸರಿಮಾಡಿಕೊಂಡ. “ಇನ್ನೊಂದು ಓದು ಬುರುಡೆಯಣ್ಣ. ಇದ್ದಷ್ಟೇ ಓದು, ಮೇಲೆ ಹಾಕ್ಬೇಡ.”

“ಇವತ್ತು ಆಗಲ್ಲ ಮಾವ.”

ಜನ ಒಬ್ಬೊಬ್ಬರಾಗಿ ಕರಗಿದರು. ಮಗಳು ಬಿಸಿನೀರು ತರುವಷ್ಟರಲ್ಲಿ ಓದಣ್ಣ ಮಡಿಸದ ಬಟ್ಟೆಗಳ ರಾಶಿಗೆ ಒರಗಿ ನಿದ್ದೆಹೋಗಿದ್ದ. ನಾನು ಪುಸ್ತಕ ತೆಗೆದುಕೊಂಡು ಹೊರಡೋಣವೆಂದು ನೋಡಿದರೆ ಅದು ಅವನ ಕೈಯಡಿಯಲ್ಲಿತ್ತು. ಈಗಿನ ದರದಲ್ಲಿ ಕೈಬಿಡುವ ಸರಕಲ್ಲ ಅದು. ಎಳೆದರೆ ಎಚ್ಚರವಾಗುತ್ತಿತ್ತು. ಬಿಟ್ಟು ಬಂದೆ. ವ್ಯಾಪಾರದವನಿಗೆ ಇದು ಒಳ್ಳೆಯ ಅಭ್ಯಾಸವಲ್ಲ.