ರೊಟ್ಟಿ ಬಡಿಯುವ ಹೊತ್ತಿನ ಪಾಠ

ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಇಂದಿಗೂ ತಲೆ ಚಿಟ್ಟೆನ್ನುತ್ತದೆ. ಎಪ್ಪತ್ತರ ದಶಕದ ಕೊನೆಗೆ ಇಳಕಲ್ಲಿನ ನೇಕಾರರ ಓಣಿಯಲ್ಲಿ ನಾನು ವಯಸ್ಕರ ಶಿಕ್ಷಣದ ಮಾಸ್ತರನಾಗಿದ್ದೆ. ಪಾಠದ ಹೊತ್ತನ್ನು ಮೇಲಿನವರು ಗೊತ್ತುಮಾಡಿದ್ದರು: ಸರಿಯಾಗಿ ದೀಪ ಹಚ್ಚುವ ವೇಳೆ. ದಿನವೆಲ್ಲ ಮಗ್ಗದ ಕುಣಿಯಲ್ಲಿ ಕಾಲಾಡಿಸಿ ಬಂದವರ ಹೊಟ್ಟೆ ತಾಳ ಹಾಕುವಾಗ ಮನೆಮನೆಯಿಂದ ಪಟಪಟ ಶುರುವಾಗುತ್ತಿತ್ತು.

ಸಂಕಟವೆಂದರೆ, ನಮ್ಮ ಕಡೆಯ ಗಂಡಸು ಹೆಂಡತಿಯ ಕೈಸಪ್ಪಳವನ್ನು ಓಣಿಯಾಚೆಯಿಂದಲೇ ಗುರುತಿಸುತ್ತಾನೆ. ನಾನು ಹಲಗೆಯ ಮೇಲೆ 'ರ' ಬರೆದು ತಿರುಗುವಷ್ಟರಲ್ಲಿ ಒಬ್ಬ ಎದ್ದಿರುತ್ತಿದ್ದ.

"ನಮ್ಮ ಮನ್ಯಾಗ ಬಡಿಯೂದು ಸುರು ಆತ್ರಿ ಮಾಸ್ತರ. ಆರಿದ್ರ ರೊಟ್ಟಿ ಬಿರಸಾಗ್ತಾವು."

ಅವನ ಹಿಂದೆ ಇನ್ನೊಬ್ಬ. ಕೊನೆಗೆ ಉಳಿಯುತ್ತಿದ್ದವನು ಮುದುಕ ಸಂಗಪ್ಪ. ವಚನಗಳೆಲ್ಲ ಅವನಿಗೆ ಬಾಯಿಪಾಠ. "ಬಾಯಾಗ ಇದ್ದದ್ದು ಕಣ್ಣಿಗೂ ಕಾಣಬೇಕ್ರಿ, ಸಾಯೂದ್ರೊಳಗ" ಎನ್ನುತ್ತಿದ್ದ. ಆದರೆ ಹಸಿವಿಗೆ ಅವನ ಕಣ್ಣು ಅಕ್ಷರದ ಮೇಲೆ ನಿಲ್ಲುತ್ತಿರಲಿಲ್ಲ.

ಬಾಗಲಕೋಟೆಯಿಂದ ತಪಾಸಣೆಗೆ ಬಂದ ಸಾಹೇಬರು ಖಾಲಿ ಚಾಪೆ ನೋಡಿ, "ಇವರಿಗೆ ಪ್ರೇರಣೆ ಕೊಡ್ರಿ. ಮುಂದಿನ ಸಲನೂ ಹಿಂಗ ಇದ್ರ ಕೇಂದ್ರ ಬಂದ್" ಎಂದರು. ಪ್ರೇರಣೆಯೇನು ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆಯೇ? ಸಿಟ್ಟಿನಲ್ಲೇ 'ಓದೇ ಬೆಳಕು' ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಓದಲು ಬಾರದವರಿಗೆ ಅದನ್ನು ತೋರಿಸಿ ಏನುಪಯೋಗ ಎಂಬುದು ಅಂಟು ಒಣಗಿದ ಮೇಲೆ ಹೊಳೆಯಿತು.

ಒಂದು ಸಂಜೆ ನಾನು ಎಲ್ಲರನ್ನೂ ಬೈಯುತ್ತಿದ್ದಾಗ ಸಂಗಪ್ಪನ ಹೆಂಡತಿ ನೀಲವ್ವ ಬಾಗಿಲಿಗೆ ಬಂದಳು. "ಹಸದವರಿಗೆ ಅಕ್ಷರ ತಲಿಗೆ ಹತ್ತತಾವೇನ್ರಿ ಮಾಸ್ತರ? ನಾಳಿಂದ ರೊಟ್ಟಿ ಇಲ್ಲೇ ತರ್ತೇವಿ. ನಾವೂ ಕುಂದರ್ತೇವಿ."

ಅನುಭಾವದ ಪಕ್ಕದಲ್ಲೇ ದಾಸೋಹವನ್ನಿಟ್ಟ ಶರಣರ ಸೀಮೆಯವನು ನಾನು. ತರಬೇತಿಯಲ್ಲಿ ಪ್ರೇರಣೆಯ ಬಗ್ಗೆ ಪುಟಗಟ್ಟಲೆ ಬರೆದುಕೊಂಡಿದ್ದೆ; ಅದರಲ್ಲಿ ಊಟದ ಮಾತೇ ಇರಲಿಲ್ಲ.

ಸಾಹೇಬರು ಮತ್ತೆ ಬಂದಾಗ ಚಾಪೆ ಸಾಲದೆ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಸಾಹೇಬರು ಭಾಷಣಕ್ಕೆ ಗಂಟಲು ಸರಿಪಡಿಸಿಕೊಂಡರು. ನೀಲವ್ವ ಬಿಸಿ ರೊಟ್ಟಿ, ಪುಂಡಿಪಲ್ಯದ ತಾಟು ಮುಂದಿಟ್ಟಳು. "ಬಸ್ಸಿನ್ಯಾಗ ಬಂದೀರಿ. ಮೊದಲ ಉಣ್ರಿ ಸಾಹೇಬ್ರ." ಭಾಷಣ ಅಲ್ಲಿಗೇ ನಿಂತಿತು. ಕೇಂದ್ರ ಮುಚ್ಚುವ ಮಾತೂ ಬರಲಿಲ್ಲ.

ಉಂಡು ಕೈತೊಳೆದ ಸಂಗಪ್ಪ ವಚನದ ಪುಸ್ತಕ ತೆರೆದ. ಅದರ ಒಂದೊಂದು ಮಾತೂ ಅವನ ನಾಲಗೆಯ ಮೇಲೇ ಇತ್ತು. ಆದರೂ ಬೆರಳು ಅಕ್ಷರವನ್ನು ತಲುಪುವ ತನಕ ಅವನು ಬಾಯಿ ತೆರೆಯಲಿಲ್ಲ. ಕೈಯಲ್ಲಿನ ತುತ್ತು ಹಿಡಿದು ಸಾಹೇಬರೂ ಕಾದರು.