ಗಂಟೆಯಮ್ಮ ನುಂಗಿದ ಸಾಲು

ಗಂಟೆಯಮ್ಮನಿಗೆ ಆ ಹೆಸರು ಬಂದದ್ದು ಗಂಟಲಿನಿಂದ. ಬಸ್ ನಿಲ್ದಾಣದ ಪಕ್ಕದ ಗಲ್ಲಿಯಲ್ಲಿ ಅವಳದೊಂದು ಗೂಡಂಗಡಿ. ಬ್ಯಾಗುಗಳ ಹರಿದ ಪಟ್ಟಿ ಹೊಲಿಯುವುದು, ಕೈಕೊಟ್ಟ ಜಿಪ್ಪು ಬದಲಾಯಿಸುವುದು ಅವಳ ಕಸುಬು. ಅಂಗಡಿಯೊಳಗೆ ಅವಳು ಗಿರಾಕಿಗೆ ಗದರಿದರೆ ನಿಲ್ದಾಣದಲ್ಲಿ ಬಸ್ಸು ಹತ್ತುತ್ತಿದ್ದವರು ಯಾರಿಗೋ ಏನೋ ಆಯಿತೆಂದು ತಿರುಗಿ ನೋಡುತ್ತಿದ್ದರು. ಗದರುವುದಕ್ಕೆ ಅವಳಿಗೆ ಕಾರಣವೇ ಬೇಕಿರಲಿಲ್ಲ. "ಬ್ಯಾಗಿಗೆ ಪುಸ್ತಕ ಹಾಕ್ತೀರೋ ಕಲ್ಲು ಹಾಕ್ತೀರೋ? ಜಿಪ್ಪು ಅಂದ್ರೆ ಏನು ಕಬ್ಬಿಣದ ಗೇಟಾ?" ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು. ಅವಳು ಹೊಲಿದದ್ದು ಬಿಚ್ಚಿಕೊಂಡ ದಾಖಲೆ ಇರಲಿಲ್ಲ.

ಅದೇ ಗಂಟಲು ಚರ್ಚಿಗೂ ಬೇಕಿತ್ತು. ಯಾರ ಮನೆಯಲ್ಲಿ ಸಾವಾದರೂ ಜಪಸರ ಹೇಳಿಸಲು ಮೊದಲು ಅವಳನ್ನೇ ಕರೆಯುತ್ತಿದ್ದರು. ಶವದ ತಲೆಯ ಬಳಿ ಬೆನ್ನು ನೆಟ್ಟಗೆ ಮಾಡಿ ಕೂತು, ಮಣಿ ಹಿಡಿದು ಅವಳು ಶುರುಮಾಡಿದರೆ ಅಳುತ್ತಿದ್ದವರ ಅಳುವಿಗೂ ಒಂದು ತಾಳ ಬರುತ್ತಿತ್ತು. ಇಂಥ ಭಕ್ತೆ ನಮ್ಮ ಚರ್ಚಿಗೆ ಸಿಕ್ಕಿದ್ದೇ ಪುಣ್ಯ ಎಂದು ಹೊಸಬರು ಹೇಳುತ್ತಿದ್ದರು. ಹಳಬರು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು, ಏಕೆಂದರೆ ಅವರಿಗೆ ಒಳಗಿನ ಸಂಗತಿ ಗೊತ್ತಿತ್ತು.

ಸಂಗತಿ ಇಷ್ಟೇ. ಭಾನುವಾರದ ಪೂಜೆಯಲ್ಲಿ ಎಲ್ಲರೂ ಒಟ್ಟಾಗಿ ಕರ್ತನು ಕಲಿಸಿದ ಪ್ರಾರ್ಥನೆ ಹೇಳುವಾಗ, ಗಂಟೆಯಮ್ಮನ ದನಿ ಎಲ್ಲರ ದನಿಗಿಂತ ಮೇಲೆ ಹೋಗಿ, ಅನುದಿನದ ಆಹಾರ ಕೊಡಿ ಎಂಬ ಸಾಲಿನ ತನಕ ಬಂದು, ಗಕ್ಕನೆ ನಿಲ್ಲುತ್ತಿತ್ತು. ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಪ್ರಕಾರ ನಮ್ಮನ್ನೂ ಕ್ಷಮಿಸಿ ಎಂಬ ಆ ಒಂದು ಸಾಲಿಗೆ ಅವಳ ಬಾಯಿಗೆ ಬೀಗ. ಸಾಲು ಮುಗಿದ ತಕ್ಷಣ ಮತ್ತೆ ಅದೇ ದನಿ. ದೇವರ ಹತ್ತಿರ ಸುಳ್ಳು ಹೇಳುವ ಜಾತಿಯಲ್ಲ ಅವಳು. ಒಡಹುಟ್ಟಿದ ಅಕ್ಕನನ್ನು ಅವಳು ಕ್ಷಮಿಸಿರಲಿಲ್ಲ, ಕ್ಷಮಿಸುವ ಯೋಚನೆಯೂ ಇರಲಿಲ್ಲ. ಅಂದ ಮೇಲೆ ಆ ಸಾಲು ಹೇಳುವುದೆಂದರೆ ತನ್ನನ್ನೂ ಕ್ಷಮಿಸಬೇಡ ಎಂದು ತಾನೇ ಬಾಯಿಬಿಟ್ಟು ಕೇಳಿಕೊಂಡ ಹಾಗಲ್ಲವೇ? ಅಷ್ಟು ಪೆದ್ದಿ ಅವಳಲ್ಲ.

ಜಪಸರ ಹೇಳಿಸುವ ಉತ್ಸಾಹದ ಗುಟ್ಟೂ ಅಲ್ಲೇ ಇತ್ತು. ಹೇಳಿಸುವವರು ಅದೇ ಪ್ರಾರ್ಥನೆಯ ಮೊದಲರ್ಧ ಹೇಳಿ ನಿಲ್ಲಿಸುತ್ತಾರೆ, ಕೂತವರು ಉಳಿದರ್ಧ ಹೇಳುತ್ತಾರೆ. ಆ ಸಾಲು ಇರುವುದು ಉಳಿದರ್ಧದಲ್ಲಿ. ಮುಂದೆ ಕೂತವಳಿಗೆ ಅದನ್ನು ಹೇಳುವ ಪ್ರಮೇಯವೇ ಇಲ್ಲ! ಹಾಗಾಗಿ ಬೇರೆ ಯಾರಾದರೂ ಮಣಿ ಹಿಡಿದು ಮುಂದೆ ಕೂತರೆ, "ನಿಮಗೆ ದಮ್ಮು ಸಾಲಲ್ಲ, ಈಚೆ ಬನ್ನಿ" ಎಂದು ಎಬ್ಬಿಸುತ್ತಿದ್ದಳು.

ಅಕ್ಕ ಮಾಡಿದ್ದೇನು ಎಂದು ಕೇಳಿದರೆ ಗಂಟೆಯಮ್ಮ ಇಂದಿಗೂ ನಿನ್ನೆಯ ವಿಷಯದಂತೆ ಹೇಳುತ್ತಿದ್ದಳು. ಅಮ್ಮ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಒಂದು ದಿನ ಬೆಳಗ್ಗೆಯೇ ಉಸಿರು ಕೆಟ್ಟಿತು. ಅಮ್ಮ ಬಾಯಿಬಿಟ್ಟು, "ಚಿಕ್ಕವಳನ್ನ ಕರೆಸು" ಅಂದಳು. ಅಂಗಡಿ ಎರಡು ಬೀದಿಯಾಚೆ. ಅಕ್ಕ ಕರೆಸಲಿಲ್ಲ. ಫಾದರ್ ಬಂದು ಕೊನೆಗಾಲದ ತೈಲ ಹಚ್ಚಿ ಹೋದರು, ನೆರೆಯವರು ಬಂದರು, ಸಂಜೆ ಅಮ್ಮ ಹೋದಳು. ಆಮೇಲೆ ಕರೆ ಬಂತು. ಗಂಟೆಯಮ್ಮ ಓಡಿ ಬಂದಾಗ ಅಮ್ಮನ ಗದ್ದಕ್ಕೆ ಬಟ್ಟೆ ಕಟ್ಟಿಯಾಗಿತ್ತು. ಕರೆಸೆಂದು ಅಮ್ಮ ಹೇಳಿದ್ದನ್ನು ತಿಳಿಸಿದವಳು ಪಕ್ಕದ ಮನೆಯಾಕೆ. ಅಕ್ಕ ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ, ಸುಮ್ಮನೆ ಗೋಡೆ ನೋಡುತ್ತ ನಿಂತಿದ್ದಳು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಪಾಪನಿವೇದನೆಗೆ ಹೋದರೆ ಜಗಳ ಗ್ಯಾರಂಟಿ. ಫಾದರ್ ಒಮ್ಮೆ ಬೈಬಲ್ಲಿನ ಏಳೆಪ್ಪತ್ತು ಸಲ ಕ್ಷಮಿಸುವ ಮಾತು ತೆಗೆದರು.

"ಕ್ಷಮಿಸ್ತೀನಿ ಫಾದರ್, ಬಂದು ಕೇಳ್ಲಿ. ಅವಳು ಒಂದು ಸಲಾನೂ ಕೇಳಿಲ್ಲ. ನಾನೇ ಮನೆ ಬಾಗಿಲಿಗೆ ಹೋಗಿ ಹಂಚಿ ಬರ್ಲಾ?"

"ಆ ಕಥೇಲಿ ದಾರಿ ತಪ್ಪಿದ ಮಗನ್ನ ನೋಡಿ ತಂದೆ ತಾನೇ ಓಡಿ ಹೋದನಲ್ಲಮ್ಮ."

"ಆ ಮಗ ಮನೆ ಕಡೆ ಮುಖ ಮಾಡಿದ್ದ ಫಾದರ್. ಇವಳು ಮಾಡಿದ್ದಾಳಾ? ತಂದೆ ಓಡಿದ್ದು ಓದ್ತೀರಿ, ಮಗ ನಡೆದು ಬಂದಿದ್ದು ಬಿಡ್ತೀರಿ!"

ಫಾದರ್ ಹಣೆ ಒತ್ತಿಕೊಂಡು, ಹೋಗಿ ಪ್ರಾರ್ಥನೆ ಮಾಡಿಕೋ ಎಂದರು. ಪೂರ್ತಿ ಮಾಡು ಎಂದು ಹೇಳುವ ಧೈರ್ಯ ಅವರಿಗೂ ಬರಲಿಲ್ಲ. ಗಂಟೆಯಮ್ಮ ಗೆದ್ದೆ ಅಂದುಕೊಂಡು ಅಂಗಡಿಗೆ ಬಂದಳು. ಗೆದ್ದವಳ ಮುಖ ಹಾಗಿರುವುದಿಲ್ಲ, ಆ ಮಾತು ಬೇರೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕನ ಮಗಳು ಅಂಗಡಿಯ ಮುಂದೆ ಬಂದು ನಿಂತಳು. ಗಂಟೆಯಮ್ಮ ಶಾಲೆಯ ಬ್ಯಾಗೊಂದನ್ನು ಮೊಣಕಾಲ ನಡುವೆ ಇಟ್ಟುಕೊಂಡು ದಬ್ಬಣ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಚಿಕ್ಕಮ್ಮ, ಅಮ್ಮನಿಗೆ ಕಾಯಿಲೆ ತುಂಬಾ ಜಾಸ್ತಿಯಾಗಿದೆ. ನಿಮ್ಮನ್ನ ಕರೀತಿದ್ದಾಳೆ."

"ನಮ್ಮಮ್ಮ ಕರೆದಾಗ ನಿಮ್ಮಮ್ಮ ಏನು ಮಾಡಿದ್ಲು, ಅದನ್ನ ಹೋಗಿ ಕೇಳು."

ಹುಡುಗಿ ಅಮ್ಮನ ಮಗಳೇ. ಕಣ್ಣು ಕೆಂಪಗಿತ್ತು, ಆದರೂ ನಾಲಿಗೆ ನೆಟ್ಟಗಿತ್ತು. "ಸರಿ ಬಿಡಿ. ನೀವೂ ಹಾಗೇ ಮಾಡಿ. ನಾಳೆ ಬಂದು ಜಪಸರ ಹೇಳಿಸಿ. ಸತ್ತವರ ಮುಂದೆ ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಲ್ಲ" ಎಂದು ಹೇಳಿ ಹೊರಟೇಬಿಟ್ಟಳು.

ಗಂಟೆಯಮ್ಮನಿಗೆ ಕಪಾಳಕ್ಕೆ ಬಿದ್ದಂತಾಯಿತು. ದಬ್ಬಣ ಬೆರಳಿಗೆ ಚುಚ್ಚಿತು. ಇಡೀ ಗಲ್ಲಿಗೆ ಕೇಳುವಂತೆ ಹುಡುಗಿಯ ವಂಶವನ್ನೆಲ್ಲ ಬೈದಳು, ಆ ವಂಶ ತನ್ನದೂ ಎಂಬುದನ್ನು ಮರೆತು. ಬೈದು ಮುಗಿದ ಮೇಲೆ ಬಾಗಿಲು ಎಳೆದುಕೊಂಡು, ಜಪಸರ ಮುಷ್ಟಿಯಲ್ಲಿ ಹಿಡಿದು ಹೊರಟಳು. ಯಾಕೆ ಕರೆಸಲಿಲ್ಲ ಎಂಬ ಒಂದು ಪ್ರಶ್ನೆ ಅವಳ ಎದೆಯಲ್ಲಿ ವರ್ಷಗಟ್ಟಲೆ ಕೊಳೆತಿತ್ತು. ಉತ್ತರ ಗೊತ್ತಿದ್ದವಳು ಒಬ್ಬಳೇ. ಅವಳು ಹೋದರೆ ಉತ್ತರವೂ ಮಣ್ಣಿಗೆ.

ಅಮ್ಮ ಮಲಗಿದ್ದ ಕೋಣೆಯಲ್ಲೇ ಅಕ್ಕ ಮಲಗಿದ್ದಳು. ಮೈಯಲ್ಲಿ ಮೂಳೆ, ಚರ್ಮ ಬಿಟ್ಟರೆ ಕಣ್ಣು ಮಾತ್ರ. ಆ ಕಣ್ಣು ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿತು.

"ದಪ್ಪ ಆಗಿದ್ದೀಯ" ಎಂದಳು ಅಕ್ಕ.

"ನೀನು ಆಗಿಲ್ಲ" ಎಂದಳು ತಂಗಿ.

ಮಗಳನ್ನು ಅಕ್ಕ ಕಣ್ಣಲ್ಲೇ ಅಡುಗೆಮನೆಗೆ ಕಳಿಸಿದಳು. ಗಂಟೆಯಮ್ಮ ಸ್ಟೂಲು ಎಳೆದುಕೊಂಡು ಕೂತಳು. ಕೈಗೆ ಬೇರೆ ಕೆಲಸ ತೋಚದೆ ಶಿಲುಬೆಯ ಗುರುತು ಹಾಕಿ ಜಪಸರ ಶುರುಮಾಡಿದಳು. ಎರಡು ಮಾತು ಹೇಳುವಷ್ಟರಲ್ಲಿ ಅಕ್ಕ ಕೈ ಎತ್ತಿದಳು.

"ನಿಲ್ಲಿಸು. ಇವತ್ತು ನಾನು ಹೇಳಿಸ್ತೀನಿ. ನೀನು ಉತ್ತರ ಕೊಡು."

"ನಿನಗೆ ಉಸಿರಾಡೋಕೇ ಆಗ್ತಿಲ್ಲ."

"ಅದು ನನ್ನ ಉಸಿರು." ಅಕ್ಕ ಮೊದಲರ್ಧವನ್ನು ತುಂಡು ತುಂಡಾಗಿ ಹೇಳಿ ಮುಗಿಸಿದಳು. ಮುಗಿಸಿ ಕಾದಳು.

ಕೋಣೆಯಲ್ಲಿ ಮೂರನೆಯವರಿಲ್ಲ. ಗಂಟೆಯಮ್ಮ ಆಹಾರದ ಸಾಲು ಹೇಳಿದಳು, ನಿಂತಳು. ಅಕ್ಕ ಕಣ್ಣು ಮುಚ್ಚಿ ಮತ್ತೆ ಮೊದಲಿಂದ ಶುರುಮಾಡಿದಳು. ಈ ಸಲ ನಡುವೆ ಕೆಮ್ಮು ಬಂತು. ತುಟಿ ನೀಲಿಯಾಯಿತು. ಆದರೂ ಬಿಡಲಿಲ್ಲ, ಹಠಮಾರಿ! ಮುಗಿಸಿ ಮತ್ತೆ ಕಾದಳು.

"ಸಾಕು ಮಾಡೇ!" ಎಂದು ಗಂಟೆಯಮ್ಮ ಕಿರುಚಿದಳು. "ಮೊದಲು ಹೇಳು. ಅಮ್ಮ ಕರೆಸು ಅಂದಾಗ ಯಾಕೆ ಕರೆಸಲಿಲ್ಲ?"

ಅಕ್ಕ ತುಟಿ ಒರೆಸಿಕೊಂಡಳು. "ಅಮ್ಮನ ಹೇಲು ಉಚ್ಚೆ ಬಾಚಿದ್ದು ನಾನು. ಅವಳು ಕೇಳ್ತಿದ್ದಿದ್ದು ನಿನ್ನ. ಚಿಕ್ಕವಳು ಬಂದ್ಲಾ, ಚಿಕ್ಕವಳು ಉಂಡ್ಲಾ. ನೀನು ಬಾಗಿಲಿಗೆ ಬಂದ್ರೆ ಸಾಕು, ಅವಳ ಕಣ್ಣಿಗೆ ನಾನು ಕಾಣ್ತಾನೇ ಇರ್ಲಿಲ್ಲ. ಕೊನೇ ದಿನ ಒಂದಾದ್ರೂ ನನ್ನದಾಗಿರ್ಲಿ ಅನ್ನಿಸ್ತು. ಅದಕ್ಕೇ ಕರೆಸಲಿಲ್ಲ."

"ತಪ್ಪು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು. ಗೊತ್ತಿದ್ದೇ ಮಾಡ್ದೆ. ಅವಳು ಸಾಯೋವರೆಗೂ ಬಾಗಿಲು ನೋಡ್ತಾನೇ ಇದ್ಲು. ಆ ದಿನಾನೂ ನನ್ನದಾಗ್ಲಿಲ್ಲ."

ಗಂಟೆಯಮ್ಮನಿಗೆ ಅಕ್ಕನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಅಮ್ಮ ಬಾಗಿಲು ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಅಕ್ಕ, ಹಾಳಾದವಳು, ಮೂರನೇ ಸಲ ಮೊದಲರ್ಧ ಶುರುಮಾಡಿದ್ದಳು. ಈಗ ದನಿಯಿಲ್ಲ, ಬರೀ ಗಾಳಿ. ಮೊದಲರ್ಧ ಮುಗಿಯುವ ಭೂಲೋಕದ ಮಾತಿಗೆ ಬಂದು ನಿಲ್ಲಿಸಿ, ತಂಗಿಯ ಬಾಯನ್ನೇ ನೋಡಿದಳು.

ಗಂಟೆಯಮ್ಮ ಆ ಸಾಲನ್ನೂ ಹೇಳಿದಳು. ಹಲ್ಲು ಕಡಿದು, ಉಗಿದಂತೆ, ಇಡೀ ಬೀದಿಗೆ ಕೇಳುವಂತೆ ಹೇಳಿದಳು. ಅಡುಗೆಮನೆಯಿಂದ ಮಗಳು ಬಾಗಿಲಿಗೆ ಓಡಿ ಬಂದು ನಿಂತಳು.

"ಮನಸ್ಸಿಂದ ಹೇಳ್ಲಿಲ್ಲ" ಎಂದಳು ಅಕ್ಕ.

"ಇಲ್ಲ. ಸುಳ್ಳು ಹೇಳ್ದೆ. ನೀನು ಹೇಳಿಸಿದ್ದಕ್ಕೆ ಹೇಳ್ದೆ."

"ನಾನೂ ಅಷ್ಟೇ ಕಣೇ. ನೀನು ಮುಂದೆ ಕೂತು ಹೇಳಿಸ್ದಾಗೆಲ್ಲ ಹಿಂದೆ ಕೂತು ಆ ಸಾಲು ಹೇಳ್ತಿದ್ದೆ. ಅಮ್ಮನನ್ನ ಪೂರ್ತಿ ನೀನೇ ಇಟ್ಕೊಂಡೆ ಅಂತ ಹೊಟ್ಟೆ ಉರೀತಿತ್ತು. ಒಂದು ಸಲಾನೂ ಮನಸ್ಸಿಂದ ಬರ್ಲಿಲ್ಲ. ಆದ್ರೂ ಹೇಳ್ದೆ. ಹೇಳಿ ಹೇಳಿ, ಇವತ್ತು ನಿನ್ನ ಕರೆಸೋಕೆ ಬಾಯಿ ಬಂತು."

ಗಂಟೆಯಮ್ಮನ ಸಿಟ್ಟು ಇದ್ದಲ್ಲೇ ಇತ್ತು, ಕಣ್ಣಲ್ಲಿ ಮಾತ್ರ ನೀರು ಇಳಿಯುತ್ತಿತ್ತು, ಅದಕ್ಕೂ ಅವಳಿಗೆ ಸಿಟ್ಟು ಬಂತು. ಅಕ್ಕ ಮಣಿಗಾಗಿ ಹಾಸಿಗೆಯ ಮೇಲೆ ತಡಕಾಡಿದಳು. ಗಂಟೆಯಮ್ಮ ತನ್ನ ಮುಷ್ಟಿ ಬಿಚ್ಚಿ ಜಪಸರವನ್ನು ಆ ಕಡ್ಡಿಯಂಥ ಬೆರಳುಗಳಿಗೆ ಸಿಕ್ಕಿಸಿದಳು.

"ನಮೋ ಮರಿಯಾ" ಎಂದು ಅಕ್ಕ ಮುಂದಿನ ಮಣಿಯ ಪ್ರಾರ್ಥನೆ ಶುರುಮಾಡಿ, ಉಸಿರಿಗಾಗಿ ಬಾಯಿ ತೆರೆದಳು.

"ಅವಸರ ಯಾಕೆ? ಓಡಿಹೋಗೋ ಬಸ್ಸಿದೆಯಾ ನಿನಗೆ?" ಎಂದು ತಂಗಿ ಗದರಿದಳು. "ನಿಧಾನಕ್ಕೆ ಹೇಳು. ಇಲ್ಲೇ ಕೂತಿರ್ತೀನಿ."