ಗೋರಿಯ ಗೋಡೆಯಿಂದ ಇಳಿದ ಕುಬಸ

ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದ ಗೋಡೆಗೆ ಒಂದು ಕ್ಯಾಲೆಂಡರ್ ತೂಗುತ್ತದೆ. ಅದರ ವರ್ಷ ಮುಗಿದು ಯಾವ ಕಾಲವಾಯಿತೋ; ಅದು ಸೋಮವಾರ ಎಂದ ದಿನ ಹೊರಗೆ ಗುರುವಾರವಿರುತ್ತದೆ, ಅದರಲ್ಲಿ ಕೆಂಪಗೆ ಅಚ್ಚಾದ ಹಬ್ಬಗಳು ನಮ್ಮವೂ ಅಲ್ಲ, ಈ ಊರಿನವೂ ಅಲ್ಲ. ಆದರೂ ತಿಂಗಳು ಹುಟ್ಟಿದ ದಿನ ಚಹಾಕ್ಕೆ ನೀರಿಟ್ಟು, ಅದು ಕುದಿಯುವುದರೊಳಗೆ ಮೊನ್ನೆಮೊನ್ನೆಯವರೆಗೂ ಶ್ರದ್ಧೆಯಿಂದ ಒಂದು ಹಾಳೆ ಮಗುಚುತ್ತಿದ್ದೆ. ಕೌನ್ಸಿಲ್ಲಿನ ಕಸದ ಗಾಡಿ ಬರುವ ದಿನವನ್ನು ಇದರಲ್ಲಿ ನೋಡಿ ಮೋಸಹೋದ ನಮ್ಮ ಯಜಮಾನರಿಗೆ ಇದನ್ನು ಕಂಡರಾಗದು. ನೀವೂ ನಗುತ್ತಿದ್ದೀರೇನೋ. ನಗಿ, ಬೇಸರವಿಲ್ಲ, ಕ್ಯಾಲೆಂಡರ್ ಇರುವುದು ದಿನ ತೋರಿಸಲಿಕ್ಕೇ ಎಂಬ ಹಟ ನನಗಿಲ್ಲ.

ಇದನ್ನು ಕೊಟ್ಟವರು ನಮ್ಮ ಬೀದಿಯ ಸುಜಿನ್ ಅವ್ವ. ಕೊರಿಯಾದಲ್ಲಿ ಮಕ್ಕಳಾದ ಹೆಂಗಸನ್ನು ಅವಳ ಹೆಸರು ಹಿಡಿದು ಕರೆಯುವುದು ಕಡಿಮೆಯಂತೆ. ಮಗುವಿನ ಹೆಸರಿಗೆ ತಾಯಿ ಎಂಬುದನ್ನು ಸೇರಿಸಿದರೆ ಮುಗಿಯಿತು. ಧಾರವಾಡದ ನಮ್ಮ ಓಣಿಯಲ್ಲೂ ನನ್ನ ಅವ್ವನನ್ನು ಎಲ್ಲರೂ ನನ್ನ ಹೆಸರಿನಿಂದಲೇ ಕರೆದರು. ಹಾಗಾಗಿ ತೊಂಬತ್ತರ ದಶಕದಲ್ಲಿ ಒಂದೇ ಶಾಲೆಯ ಗೇಟಿನ ಮುಂದೆ ಮಕ್ಕಳಿಗಾಗಿ ಕಾಯುತ್ತ ನಿಂತ ನಾವಿಬ್ಬರು ಬಲುಬೇಗ ಸುಜಿನ್ ಅವ್ವ, ವಿದ್ಯಾ ಅವ್ವ ಆಗಿಬಿಟ್ಟೆವು. ಲಂಡನ್ನಿನ ಅಂಚಿನ ನಮ್ಮ ನ್ಯೂ ಮಾಲ್ಡನ್ನಿನ ಹೈ ಸ್ಟ್ರೀಟಿನಲ್ಲಿ ಆಗಷ್ಟೇ ಕೊರಿಯನ್ನರ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು. ನನಗೆ ಒಳ್ಳೆಯ ಮೂಲಂಗಿ ಎಲ್ಲಿ ಸಿಗುತ್ತದೆಂದು ತೋರಿಸಿದವರು ಆಕೆ. ಆಕೆಗೆ ಒಳ್ಳೆಯ ಮೆಣಸಿನಪುಡಿ ತೋರಿಸಿದ ಪುಣ್ಯ ನನಗೆ ದಕ್ಕಲಿಲ್ಲ, ಅವರದು ಅವರಿಗೇ ಚೆನ್ನ. ಒಂದು ಹೊಸವರ್ಷಕ್ಕೆ ಆಕೆ ಈ ಕ್ಯಾಲೆಂಡರನ್ನು ಎರಡೂ ಕೈಯಲ್ಲಿ ಹಿಡಿದು, ತುಸು ಬಾಗಿ, ತಟ್ಟೆಯಲ್ಲಿ ತಾಂಬೂಲ ಕೊಡುವವರ ಹಾಗೆ ಕೊಟ್ಟರು.

ಅದರ ತುಂಬ ಗೊಗುರ್ಯೊ ಎಂಬ ಹಳೆಯ ರಾಜ್ಯದ ಗೋಡೆಚಿತ್ರಗಳು. ಈಗ ನಾವು ಕೊರಿಯಾದ ಉಡುಪೆಂದು ಕಾಣುವ ಹನ್‌ಬೊಕ್ಕಿನ ರವಿಕೆ ಗಿಡ್ಡ, ಎದೆಯ ಮೇಲೆ ಉದ್ದನೆಯ ರಿಬ್ಬನ್ನಿನ ಗಂಟು; ಚಿತ್ರಗಳಲ್ಲಿ ಹಾಗಿಲ್ಲ. ಅಲ್ಲಿನ ಅಂಗಿ ಸೊಂಟ ದಾಟಿ ಇಳಿಯುತ್ತದೆ, ಒಂದು ಮಗ್ಗುಲು ಇನ್ನೊಂದರ ಮೇಲೆ ಹಾಯ್ದು ನಡುವಿಗೆ ಪಟ್ಟಿ ಸುತ್ತಿಕೊಳ್ಳುತ್ತದೆ, ಕೊರಳು, ತೋಳು, ಕೆಳಗಿನ ಅಂಚು ಎಲ್ಲಕ್ಕೂ ಬೇರೆ ಬಣ್ಣದ ಅಗಲ ಬಟ್ಟೆಯ ಕಟ್ಟು. ಮೈಯೆಲ್ಲ ಚುಕ್ಕೆಚುಕ್ಕೆಯ ಬಟ್ಟೆ ತೊಟ್ಟ ಕುಣಿಯುವವರ ತೋಳುಗಳು ಕೈಯನ್ನು ದಾಟಿ ಗಾಳಿಗೆ ಬಿದ್ದಿವೆ. ನೆರಿಗೆಯ ಲಂಗದ ಕೆಳಗೆ ಇಜಾರ ಇಣುಕುತ್ತದೆ. ಒಬ್ಬ ದೊಡ್ಡಮನೆಯ ಹೆಂಗಸಿನ ಕೆನ್ನೆಗಳ ಮೇಲೆ ಕುಂಕುಮದಂತೆ ಕೆಂಪು ಬೊಟ್ಟು. ಅದನ್ನು ನೋಡಿ ನನಗಾದ ಖುಷಿಗೆ ಕಾರಣ ಕೇಳಬೇಡಿ; ಎಲ್ಲಿಯೋ ಕಂಡ ಮುಖದಂತೆ ಅನ್ನಿಸಿತು, ಅಷ್ಟೇ.

ಇವೆಲ್ಲ ಗೋರಿಯೊಳಗಿನ ಚಿತ್ರಗಳೆಂದು ಓದಿ ಹೇಳಿ ನನ್ನ ಖುಷಿಗೆ ನೀರು ಹಾಕಿದವರು ಯಜಮಾನರು. ಸತ್ತವರ ಮನೆಯ ಚಿತ್ರ ಅಡುಗೆಮನೆಯಲ್ಲೇಕೆ, ಗ್ಯಾರೇಜಿನಲ್ಲಿ ತೂಗುಹಾಕು ಎಂದರು. ನನಗೂ ಒಂದು ಕ್ಷಣ ಹೌದೆನ್ನಿಸಿತು. ತೆಗೆಯಲೆಂದು ಕೈಚಾಚಿದಾಗ ಆ ತಿಂಗಳ ಹಾಳೆಯಲ್ಲಿ ಕಂಡದ್ದು ಮಾತ್ರ ಒಂದು ಅಡುಗೆಮನೆ: ಒಲೆ, ಅದರ ಮುಂದೆ ಬಗ್ಗಿದ ಹೆಂಗಸು, ಪಾತ್ರೆ ಜೋಡಿಸುವ ಇನ್ನೊಬ್ಬಳು, ಪಕ್ಕದಲ್ಲಿ ಬಾವಿ. ನೆಲದಡಿಯ ಕತ್ತಲಿಗೆ ಹೋಗುವ ಮನುಷ್ಯ ತನ್ನ ಜತೆಗೆ ಬೇಡಿಕೊಂಡದ್ದು ಬೆಂದ ಅಡುಗೆ, ಸೇದುವ ನೀರು, ನಾಲ್ಕು ಜನರ ಕುಣಿತ, ಹೊಸ ಬಟ್ಟೆ. ಸ್ವರ್ಗಕ್ಕೂ ಇವನ ಮನೆಗೂ ವ್ಯತ್ಯಾಸವೇ ಇರಲಿಲ್ಲವೇನೋ ಎಂದುಕೊಂಡು ಕೈ ಹಿಂದೆ ತೆಗೆದೆ. ಅಡುಗೆಮನೆಯ ಚಿತ್ರಕ್ಕೆ ಅಡುಗೆಮನೆಗಿಂತ ಸರಿಯಾದ ಜಾಗವಾದರೂ ಯಾವುದು, ಹೇಳಿ.

ಕೆಲವು ವರ್ಷಗಳ ಮೇಲೆ ಅವ್ವ ಹೋದಳು. ಅವಳ ಮಣ್ಣಿಗೆ ನನಗೆ ಮುಟ್ಟಲಾಗಲಿಲ್ಲ. ವಿಮಾನ ಎಷ್ಟು ಜೋರಾಗಿ ಹಾರಿದರೂ ಊರಿನಲ್ಲಿ ಕಾಯುವವರು ಕಾಯುವಷ್ಟೇ ಕಾಯುತ್ತಾರೆ. ಅದಕ್ಕೂ ಹಿಂದಿನ ಸಲ ನಾನು ಹೋಗಿದ್ದಾಗ ಅವಳು ಟ್ರಂಕಿನಿಂದ ಒಂದು ಖಣ ತೆಗೆದುಕೊಟ್ಟಿದ್ದಳು. ಗುಳೇದಗುಡ್ಡದ ನೇಯ್ಗೆ, ಗಿಣಿಹಸಿರು ಮೈ, ಅದರ ತುಂಬ ಎಳ್ಳಿನಂಥ ಹೂವು, ತ್ರಿಕೋನವಾಗಿ ಮಡಿಸಿದ್ದು. ವಿದ್ಯಾಳ ಕುಬಸಕ್ಕೆ ಇದು ಎಂದಿದ್ದಳು. ನಮ್ಮ ಕಡೆ ಬಸುರಿಗೆ ಮಾಡುವ ಸೀಮಂತವನ್ನೂ ಅಂದು ತೊಡುವ ಕುಪ್ಪಸವನ್ನೂ ಕುಬಸ ಎನ್ನುತ್ತೇವೆ. ಅವತ್ತು ತವರಿನವರು ಕೊಟ್ಟ ಖಣದ ಕುಪ್ಪಸವನ್ನೇ ಅವಳು ತೊಡಬೇಕು. ವಿದ್ಯಾ ಆಗಿನ್ನೂ ಎ ಲೆವೆಲ್, ಅಂದರೆ ನಮ್ಮ ಪಿಯುಸಿಯಷ್ಟು, ಓದುತ್ತಿದ್ದಳು, ಮದುವೆಯ ಮಾತೇ ಇರಲಿಲ್ಲ. ಅವ್ವನ ಅವಸರಕ್ಕೆ ನಾನು ನಕ್ಕೆ, ಅವಳು ನಗಲಿಲ್ಲ.

ಆ ಖಣ ಬೀರುವಿನಲ್ಲಿ ಕಾಯಿತು. ವಿದ್ಯಾ ಓದು ಮುಗಿಸಿದಳು, ಕ್ಯಾನರಿ ವಾರ್ಫಿನ ಬ್ಯಾಂಕೊಂದನ್ನು ಸೇರಿದಳು, ಕ್ರೋಯ್ಡನ್ನಿನಲ್ಲಿ ಫ್ಲ್ಯಾಟ್ ಹಿಡಿದ ಕುಂದಾಪುರದ ಹುಡುಗನನ್ನು ಮೆಚ್ಚಿ ಮದುವೆಯಾದಳು, ಬಸುರಿಯಾದಳು. ಕುಬಸದ ಮಾತೆತ್ತಿದಾಗ ನನ್ನ ಹಳೆಯ ಫೋಟೋ ನೋಡಿದಳು: ತೋಳಿಗೆ ಕಚ್ಚಿ ಹಿಡಿದ, ಎದೆಯ ಕೆಳಗೆ ಗಂಟು ಬಿಗಿದ ಕುಬಸದಲ್ಲಿ ನಾನು ಉಸಿರು ಕಟ್ಟಿ ಕುಳಿತಿದ್ದೆ. ಇದರೊಳಗೆ ತನ್ನಿಂದಾಗದು, ಈಗಾಗಲೇ ಏದುಸಿರು, ಬೇಕಾದರೆ ಬಂದವರಿಗೆ ಊಟ ಹಾಕು, ಸೀರೆ ಕುಬಸ ಬೇಡ ಎಂದು ಇಂಗ್ಲಿಷಿನಲ್ಲಿ, ಮೃದುವಾಗಿಯೇ, ಬಾಗಿಲು ಹಾಕಿಬಿಟ್ಟಳು. ಅವಳದೂ ತಪ್ಪಲ್ಲ. ಹುಡುಗಿಗೆ ಅವರಪ್ಪನ ಅಗಲ ಭುಜ, ಖಣವೋ ಸಣ್ಣ ಆಳಿನ ಅಳತೆಯದು. ಆದರೆ ಅವ್ವ ನನ್ನ ಮಗಳಿಗೆ ಮಾಡಬಹುದಾಗಿದ್ದ ಕೊನೆಯ ಕೆಲಸ ಆ ಮಡಿಕೆಯಲ್ಲಿತ್ತು. ಅದು ಮೈ ಮುಟ್ಟದೆ ಮತ್ತೆ ಬೀರು ಸೇರುವುದೆಂದರೆ ಅವ್ವ ಎರಡನೇ ಸಲ ಹೋದಂತೆ.

ಸುಜಿನ್ ಅವ್ವ ಊರಿನಲ್ಲಿ ಹನ್‌ಬೊಕ್ ಹೊಲಿಯುವ ಮನೆತನದಲ್ಲಿ ಬೆಳೆದವರು, ಕೈಯಲ್ಲಿ ಆ ಕೆಲಸ ಇತ್ತು. ಖಣವನ್ನು ಬಿಡಿಸಿ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹಾಸಿ, ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು, ಎದ್ದು ಅದನ್ನು ಕ್ಯಾಲೆಂಡರಿನ ಪಕ್ಕಕ್ಕೆ ಹಿಡಿದರು. ಚುಕ್ಕೆಯ ಬಟ್ಟೆಯ ಪಕ್ಕ ಚುಕ್ಕೆಯ ಬಟ್ಟೆ. ಬಟ್ಟೆ ಸಾಲದಿದ್ದರೆ ಸುತ್ತ ಕಟ್ಟು ಕೊಡೋಣ, ಗುಂಡಿ ಗಂಟು ಬೇಡ, ಒಂದರ ಮೇಲೊಂದು ಹಾಯಿಸಿ ಪಟ್ಟಿ ಸುತ್ತಿದರೆ ಹೊಟ್ಟೆ ಎಷ್ಟು ಬೆಳೆದರೂ ಅಂಗಿ ದಾರಿ ಬಿಡುತ್ತದೆ ಎಂದರು. ಕತ್ತರಿ ಬಿದ್ದ ಬಟ್ಟೆಗೆ ಹಿಂದಿರುಗುವ ದಾರಿಯಿಲ್ಲ, ಇಂಥ ಖಣ ನನ್ನಲ್ಲಿ ಇನ್ನೊಂದಿಲ್ಲ. ನಾನು ಹೂಂ ಎಂದೆ.

ಹೊಲಿದು ತಂದಾಗ ನೋಡಿದರೆ, ಕೊರಳಿನಿಂದ ಅಂಚಿನವರೆಗೆ ಕಟ್ಟು ಕೊಟ್ಟಿದ್ದು ಕಪ್ಪು ಬಟ್ಟೆಯಲ್ಲಿ! ಬಸುರಿಯ ಮಂಗಳಕಾರ್ಯಕ್ಕೆ ಕಪ್ಪು. ಯಾವ ಬಣ್ಣ ಆಗದೆಂದು ಹೇಳಬೇಕೆಂಬುದು ನನಗೆ ಹೊಳೆದಿರಲೇ ಇಲ್ಲ, ಕುಬಸಕ್ಕೆ ಹಸಿರು ಸೀರೆ ಉಡಿಸುವ ಮನೆಯಲ್ಲಿ ಹುಟ್ಟಿದವರಿಗೆ ಅದು ಹೇಳುವ ಮಾತೇ ಅಲ್ಲ. ಆಕೆಗೋ ಚಿತ್ರದಲ್ಲಿ ಕಂಡ ಕಪ್ಪೇ ಪ್ರಮಾಣ. ಆಕೆಯ ಮುಖದಲ್ಲಿದ್ದ ಸಂತೋಷ ನೋಡಿ ಚಹಾಕ್ಕೆ ನೀರಿಟ್ಟೆ. ಬಿಚ್ಚಿಸೋಣವೆಂದರೆ ಕಟ್ಟಿಲ್ಲದೆ ಅದು ವಿದ್ಯಾಳ ಮೈ ಸುತ್ತದು. ಅಷ್ಟರಲ್ಲಿ ಅವತ್ತು ಮನೆಗೆ ಬಂದಿದ್ದ ವಿದ್ಯಾ ಅದನ್ನೆತ್ತಿ, ಬರೀ ನೋಡುತ್ತೇನೆಂದು ತೊಟ್ಟಳು. ನಡುಪಟ್ಟಿ ಸುತ್ತಿದಳು, ತೋಳೆತ್ತಿದಳು, ಉದ್ದಕ್ಕೆ ಉಸಿರೆಳೆದಳು. ಆಮೇಲೆ ತೋಳನ್ನು ಮೂಗಿಗೆ ಹಿಡಿದುಕೊಂಡು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೇ ದೊಡ್ಡವಳಾದ ನನ್ನ ಮಗಳು ಅಂದಳು: "ಅವ್ವಾ, ಇದಕ್ಕ ಅಜ್ಜಿ ಟ್ರಂಕಿನ ವಾಸನಿ ಅದ. ನಾ ಇದನ್ನ ಹಾಕ್ಕೋತೀನಿ."

ಕುಬಸದ ದಿನ ನನಗಿದ್ದ ಭಯವೆಲ್ಲ ಗಂಗಕ್ಕನದು. ವಿಜಾಪುರದ ಕಡೆಯ ಗಂಗಕ್ಕ ಈಸ್ಟ್ ಹ್ಯಾಮಿನಲ್ಲಿ ಮೊಮ್ಮಕ್ಕಳನ್ನು ಕಂಡ ಹಿರಿಯರು. ನಮ್ಮವರ ಯಾವ ಕಾರ್ಯವೂ ಅವರು ಆರತಿ ಹಿಡಿಯದೆ ನಡೆಯದು, ಅವರ ಕಣ್ಣಿಗೆ ತಪ್ಪು ಬಿದ್ದರೆ ಅದು ಲಂಡನ್ನಿನ ಈ ತುದಿಯಿಂದ ಆ ತುದಿಗೆ ಟ್ಯೂಬ್ ರೈಲಿಗಿಂತ ಬೇಗ ಮುಟ್ಟುತ್ತದೆ. ಡಿಸ್ಟ್ರಿಕ್ಟ್ ಲೈನಿನಲ್ಲಿ ಕೂತು ವಿಂಬಲ್ಡನ್‌ವರೆಗೆ ಬಂದು, ಅಲ್ಲಿಂದ ರೈಲು ಹಿಡಿದು, ಹಸಿರು ಬಳೆಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದರು. ವಿದ್ಯಾಳಿಗೆ ಬಳೆ ಇಡಿಸುತ್ತ ಅವರ ಬೆರಳು ಆ ಕಪ್ಪು ಅಂಚಿನ ಮೇಲೆ ನಿಂತಿತು. ಇದು ಯಾವ ಊರ ಕುಬಸ ಎಂದು ಕೇಳಿದರು. ನಿಂತ ಬೆರಳಿನಿಂದಲೇ ಪ್ರಶ್ನೆಯನ್ನು ಊಹಿಸಿಕೊಂಡು, ಪಕ್ಕದಲ್ಲಿ ಹನ್‌ಬೊಕ್ ತೊಟ್ಟು ಕುಳಿತಿದ್ದ ಸುಜಿನ್ ಅವ್ವ ಹೆಮ್ಮೆಯಿಂದ, ತಮಗೆ ಬರುವ ಇಂಗ್ಲಿಷಿನಲ್ಲಿ, ಬಹಳ ಹಳೆಯದು, ಗೋರಿಯೊಳಗಿನದು ಎಂದುಬಿಟ್ಟರು. ಗಂಗಕ್ಕನಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಬಳೆಯ ಸದ್ದು ನಿಂತಿತು, ನೆರೆದವರೆಲ್ಲ ನನ್ನ ಮುಖ ನೋಡಿದರು.

"ಖಣಾ ಯಾರು ಕೊಟ್ಟಿದ್ದು?" ಎಂದರು ಗಂಗಕ್ಕ.

"ನಮ್ಮವ್ವ."

"ಅಕೀನೂ ಮಣ್ಣಾಗ ಅದಾಳಲ್ಲವಾ, ತಂಗಿ. ಹೋದವರು ಕೊಟ್ಟ ಅರಿವಿ, ಹೋದವರು ಉಟ್ಟಂಗ ಹೊಲದಾರ. ಇನ್ನ ಅಂಚು ಕರೀದಂದ್ರ ದೃಷ್ಟಿ ಬೊಟ್ಟು ಆತು, ಬಿಡು." ಹೀಗೆಂದು ಇನ್ನೊಂದು ಬಳೆ ತೆಗೆದುಕೊಂಡರು.

ನನಗೆ ಅಲ್ಲೇ ಕಣ್ಣು ತುಂಬಿತು, ಅದನ್ನು ಮುಚ್ಚಿಡುವ ಗೊಡವೆಗೂ ಹೋಗಲಿಲ್ಲ. ಅವ್ವನ ಸಮಾಧಿಗೆ ಚಿತ್ರ ಬಿಡಿಸುವ ಗೋಡೆಯಿಲ್ಲ. ಇದ್ದಿದ್ದರೆ ನಾನೂ ರೊಟ್ಟಿ ಬಡಿಯುವ ಹಲಗೆ, ಒಲೆ, ಟ್ರಂಕು, ಬಲಹೆಗಲ ಸೆರಗು, ಮುಂದೆ ಒಂದು ದಿನ ಬರಬಹುದಾದ ಕೂಸಿಗಾಗಿ ಖಣ ಆರಿಸುವ ಅವಳ ಕೈ, ಇಷ್ಟನ್ನೇ ಬರೆಸುತ್ತಿದ್ದೆ. ಅದೆಲ್ಲ ಮಣ್ಣಿನಡಿ ಹೋಗದೆ ನನ್ನ ಮಗಳ ಮೈಮೇಲೆ ಬಂದು ಕುಳಿತಿತ್ತು, ಸಜ್ಜಕದ ಹೋಳಿಗೆ ತಿನ್ನುತ್ತಿತ್ತು. ಸುಜಿನ್ ಅವ್ವನಿಗೆ ಏನು ನಡೆಯಿತೆಂದು ಪೂರ್ತಿ ತಿಳಿಯಲಿಲ್ಲ. ನನ್ನ ಕೈಗೆ ಒಂದು ಟಿಶ್ಯೂ ಕೊಟ್ಟು, ಹೋಳಿಗೆಯನ್ನು ಇನ್ನೊಂದು ಸಲ ಹಾಕಿಸಿಕೊಂಡರು.

ಈಗ ಆ ಕೂಸು ಬಂದು, ತೆವಳಿ, ನಿಲ್ಲುವಷ್ಟಾಗಿದೆ. ಯಜಮಾನರು ಅಂಗಡಿಯವರು ಕೊಟ್ಟ ಹೊಸ ಕ್ಯಾಲೆಂಡರ್ ತಂದಿದ್ದಾರೆ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆಸಿದ್ದೇನೆ, ಕಸದ ಗಾಡಿಯ ಚಿಂತೆ ಅದು ನೋಡಿಕೊಳ್ಳುತ್ತದೆ. ಹಳೆಯದರಲ್ಲಿ ತಿಂಗಳು ಮಗುಚುವುದನ್ನು ಮಾತ್ರ ಬಿಟ್ಟಿದ್ದೇನೆ. ಒಲೆಯ ಮುಂದೆ ಬಗ್ಗಿದ ಹೆಂಗಸಿನ ಹಾಳೆಯೇ ಯಾವಾಗಲೂ ಮೇಲಿರುತ್ತದೆ. ಮೊನ್ನೆ ಭಾನುವಾರ ವಿದ್ಯಾ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಅದರ ಮುಂದೆ ನಿಂತಿದ್ದಳು. ಮಗು ಕೈಚಾಚಿ ಆ ಹೆಂಗಸನ್ನು ತಟ್ಟಿತು. "ಅಕಿ ಮುತ್ತಜ್ಜಿ," ಎಂದಳು ವಿದ್ಯಾ, ಏನೂ ಯೋಚಿಸದೆ, ಕನ್ನಡದಲ್ಲಿ. ಅಲ್ಲ, ಅದು ಕೊರಿಯಾದ ಯಾರೋ ಎಂದು ತಿದ್ದಲು ಬಾಯಿ ತೆರೆದವಳು, ಸಾರು ಉಕ್ಕುತ್ತಿದೆಯೆಂದು ಒಲೆಯ ಕಡೆಗೆ ತಿರುಗಿ ಬಗ್ಗಿದೆ.